ಮುಂದಕ್ ಬಾರೆ ಬೀಗಿತ್ತಿ

ಮೊನ್ನೆ ಕನಕಪುರದಿಂದ ರಾಮನಗರಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಊರು ಇನ್ನೂ ಸ್ವಲ್ಪ ದೂರ ಇರುವಾಗಲೇ ಕಿಟಕಿಯಿಂದ ಆ ವಾಸನೆ ಬಂತು. ರೇಷ್ಮೆ ಗೂಡು ಬೇಯಿಸುವ ವಾಸನೆ. ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಗೂಡನ್ನು ಬಿಸಿನೀರಿಗೆ ಹಾಕಿ ನೂಲು ತೆಗೆದ ಮೇಲೆ ಒಳಗಿನ ಹುಳ ಉಳಿಯುತ್ತದಲ್ಲ, ಅದು ಬೆಂದ ನಾತ. ಒಣಮೀನು, ಒದ್ದೆ ಗೋಣಿಚೀಲ, ಹಳಸಿದ ಸಾರು ಮೂರನ್ನೂ ಒಂದೇ ಪಾತ್ರೆಗೆ ಸುರಿದಂತೆ ಇರುತ್ತದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಮುಚ್ಚಿಕೊಳ್ಳಲಿಲ್ಲ. ನನ್ನ ಬೀಗಿತ್ತಿ ನೆನಪಾದಳು...

ನಾನು ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಒತ್ತಕ್ಷರ ಎಲ್ಲಿ ಹಾಕಬೇಕೋ ಅಲ್ಲಿ ಹಾಕುವುದಿಲ್ಲ, ಬೇಡದ ಕಡೆ ಹಾಕುತ್ತೇನೆ. ಅದನ್ನೆಲ್ಲ ಮೊಮ್ಮಗಳು ತಿದ್ದಿದ್ದಾಳೆ. ಅಕ್ಷರ ತಿದ್ದು, ಮಾತು ತಿದ್ದಬೇಡ ಎಂದು ಹೇಳಿದ್ದೇನೆ.

ಬೀಗಿತ್ತಿ ಎಂದರೆ ನನ್ನ ಮಗಳ ಅತ್ತೆ. ಅವಳ ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಒಂದು ಸಲವೂ ಹೆಸರು ಹಿಡಿದು ಕರೆದವಳಲ್ಲ ನಾನು, ಈಗ ಯಾಕೆ. ರಾಮನಗರದಲ್ಲಿ ನೂಲು ತೆಗೆಯುವ ಶೆಡ್ಡಿನಲ್ಲಿ ಚಿಕ್ಕಂದಿನಿಂದ ಕೂಲಿ ಮಾಡಿದವಳು. ಬಿಸಿನೀರಿನ ತೊಟ್ಟಿಯಲ್ಲಿ ಅದ್ದಿ ಅದ್ದಿ ಅವಳ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿ, ಸಿಪ್ಪೆ ಸುಲಿದ ಬೆಳ್ಳುಳ್ಳಿ ಎಸಳಿನಂತೆ ಇದ್ದವು. ನಾನು ಸಾತನೂರು ಕಡೆಯವಳು, ಹಿಪ್ಪುನೇರಳೆ ಸೊಪ್ಪು ಬೆಳೆದು ಹುಳ ಸಾಕಿದವಳು. ನಾವು ಹುಳಕ್ಕೆ ಮೇವು ಹಾಕಿ ಗೂಡು ಕಟ್ಟಿಸುವವರು, ಅವರು ಆ ಗೂಡನ್ನು ಬೇಯಿಸಿ ಎಳೆ ತೆಗೆಯುವವರು. ನಮ್ಮ ಹುಳ ಸಾಯುವುದೇ ಅವರ ಕೈಯಲ್ಲಿ. ಆ ಲೆಕ್ಕದಲ್ಲಿ ನಾವು ಮೊದಲಿಂದಲೂ ಬೀಗರೇ.

ನಮ್ಮ ಕಡೆ ಮದುವೆಗಳಲ್ಲಿ ಬೀಗರ ಹಾಡು ಅಂತ ಇತ್ತು. ಈಗ ಮೈಕು, ಡಿಜೆ ಬಂದು ಅದು ನಿಂತುಹೋಗಿದೆ. ಹೆಣ್ಣಿನ ಕಡೆಯ ಹೆಂಗಸರು ಒಂದು ಸಾಲು, ಗಂಡಿನ ಕಡೆಯವರು ಎದುರು ಸಾಲು. ಇವರು ಅವರನ್ನು ಹಾಡಿನಲ್ಲೇ ಬೈಯುವುದು, ಅವರು ಹಾಡಿನಲ್ಲೇ ತಿರುಗಿಸಿ ಕೊಡುವುದು. ಗಂಡಿನ ಮೂಗು ಸೊಟ್ಟ, ಬೀಗರ ಹೊಟ್ಟೆ ಗುಡಾಣ, ಬೀಗಿತ್ತಿ ಮಾಡಿದ ಮುದ್ದೆ ಎಸೆದರೆ ಗೋಡೆ ಬೀಳುತ್ತದೆ, ಹೀಗೆ. ಮೊದಲೇ ಕಟ್ಟಿಟ್ಟುಕೊಂಡು ಬರುವಂತಿಲ್ಲ. ಎದುರು ಕೂತವಳ ಮುಖ ನೋಡಿ ಅಲ್ಲೇ ಕಟ್ಟಬೇಕು. ಹಾಡಿನಲ್ಲಿ ಯಾರನ್ನು ಕರೆದರೋ ಅವಳು ಮುಂದೆ ಬಂದು ಉತ್ತರ ಕೊಡಬೇಕು. ಅವಳನ್ನು ತಡೆಯುವ ಹಕ್ಕು ಯಾರಿಗೂ ಇಲ್ಲ, ಅವಳ ಮಾವನಿಗೂ ಇಲ್ಲ. ಉತ್ತರ ಹೊಳೆಯದೆ ಸುಮ್ಮನಾದವಳು ಸೋತಂತೆ. ಸೋತವಳು ಗೆದ್ದವಳಿಗೆ ಎಲೆ ಅಡಿಕೆ ಕೊಡಬೇಕು. ಅಲ್ಲಿಗೆ ಮುಗಿಯಿತು. ಯಾರೂ ಮನಸ್ಸಿನಲ್ಲಿ ಇಟ್ಟುಕೊಳ್ಳುವಂತಿಲ್ಲ.

ಒಂದು ಕಾಲದಲ್ಲಿ ಸುತ್ತಿನ ಊರುಗಳಲ್ಲಿ ಮದುವೆ ಆದರೆ ನನ್ನನ್ನು ಕರೆಯುತ್ತಿದ್ದರು. ಒಳ್ಳೆಯ ದನಿ ಅಂತ ಅಲ್ಲ, ಕೆಟ್ಟ ಬಾಯಿ ಅಂತ. ಗಂಡ ತೀರಿಹೋದ ಮೇಲೆ ಆ ಬಾಯಿ ಮುಚ್ಚಿತು. ಗಂಡ ಸತ್ತವಳು ಚಪ್ಪರದಲ್ಲಿ ಮುಂದೆ ಕೂರುವಂತಿಲ್ಲ, ಸೋಬಾನೆಗೆ ದನಿಗೂಡಿಸುವಂತಿಲ್ಲ. ಯಾರೂ ಬಂದು ನನಗೆ ಹಾಗೆಂದು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ನಾನೇ ಎಷ್ಟು ಜನ ಗಂಡ ಸತ್ತವರು ಹಿಂದೆ ಹೋಗಿ ಕೂರುವುದನ್ನು ಮುಂದಿನ ಸಾಲಿನಿಂದ ನೋಡಿರಲಿಲ್ಲ!

ಹೀಗಾಗಿ ನನ್ನ ಒಬ್ಬಳೇ ಮಗಳ ಮದುವೆಯ ದಿನ ನಾನು ಚಪ್ಪರದ ಕೊನೆಯ ಕಂಬದ ಹಿಂದೆ ಕೂತಿದ್ದೆ. ಧಾರೆ ಎರೆದವರು ನನ್ನ ಮೈದುನ ಮತ್ತು ಓರಗಿತ್ತಿ. ಕಂಬಕ್ಕೆ ಕಟ್ಟಿದ್ದ ಬಾಳೆ ಎಲೆಯ ಸಂದಿನಿಂದ ಮಗಳ ಒಂದು ಭುಜ ಮಾತ್ರ ಕಾಣುತ್ತಿತ್ತು. ಊಟಕ್ಕೆ ಮುಂಚೆ ಬೀಗರ ಹಾಡು ಶುರುವಾಯಿತು. ನಮ್ಮ ಕಡೆಯವರು ಎರಡು ಮಾತು ಹಾಡಿ ತಡವರಿಸಿದರು. ಅವರ ಕಡೆಯಿಂದ ಗಂಡಿನ ತಾಯಿಯೇ ಹಾಡುತ್ತಿದ್ದಳು. ಹಣೆ ತುಂಬ ಕುಂಕುಮ, ಬಾಯಿ ತುಂಬ ಕಡ್ಡಿಪುಡಿ, ಗಂಟಲು ಕಂಚು. ಅವಳು ಇದ್ದಕ್ಕಿದ್ದ ಹಾಗೆ ಮುಂದಿನ ಸಾಲಿನವರನ್ನು ಬಿಟ್ಟು ಹಿಂದಕ್ಕೆ ಕೈ ತೋರಿಸಿ ಎತ್ತಿದಳು:

ಕಂಬದ ಹಿಂದೆ ಕುಂತವ್ಳೆ ಬೀಗಿತ್ತಿ
ಹಾಲು ಕದ್ದ ಬೆಕ್ಕಂಗೆ
ಬಾಯಿದ್ರೆ ಮುಂದಕ್ ಬಾರೆ ಬೀಗಿತ್ತಿ
ಬೋಯ್ದಾಡಾನ ನಾಕ್ ಮಂದಿ ಮುಂದೆ

ಚಪ್ಪರವೆಲ್ಲ ತಿರುಗಿ ನೋಡಿತು. ಕೆಲವರು ನಕ್ಕರು. ಓರಗಿತ್ತಿ ತಲೆ ತಗ್ಗಿಸಿದಳು. ಕುಂಕುಮ ಇಟ್ಟವಳು ಇಲ್ಲದವಳನ್ನು ಅವಳ ಮಗಳ ಮದುವೆಯಲ್ಲೇ ಹಂಗಿಸಿದಳು, ಕಂಬದ ಹಿಂದೆ ಯಾಕೆ ಕೂತಿದ್ದೇನೆ ಎಂಬುದು ಮೂರು ವರ್ಷದ ಮಗುವಿಗೂ ಗೊತ್ತಿರುವಾಗ ಅದನ್ನೇ ಎತ್ತಿ ಆಡಿದಳು, ಅಂದುಕೊಂಡೆ. ಎದ್ದೆ. ಮುಂದಕ್ಕೆ ಹೋಗಲಿಲ್ಲ. ಹಿತ್ತಲಿಗೆ ಹೋಗಿ ಹಂಡೆ ಉಜ್ಜುವವರ ಜೊತೆ ಕೂತು ಹಂಡೆ ಉಜ್ಜಿದೆ. ಮಗಳನ್ನು ಕಳಿಸಿಕೊಡುವಾಗಲೇ ಹೊರಗೆ ಬಂದದ್ದು.

ಆಮೇಲೆ ನಾವಿಬ್ಬರೂ ಮಾತು ಬಿಟ್ಟೆವು. ಮಗಳ ಮನೆಗೆ ಹೋದರೆ ಜಗುಲಿಯಲ್ಲಿ ಕೂತು ಎದ್ದು ಬರುತ್ತಿದ್ದೆ. "ನಿಮ್ಮತ್ತೆಗೆ ಹೇಳು, ಹುಳ್ಳಿಕಾಳು ತಂದಿವ್ನಿ ಅಂತ" ಎಂದು ನಾನು. "ನಿಮ್ಮವ್ವನ್ಗೆ ಹೇಳು, ಕಾಫಿ ಆರೋಯ್ತದೆ ಅಂತ" ಎಂದು ಒಳಗಿನಿಂದ ಅವಳು. ಮಧ್ಯೆ ನಿಂತ ನನ್ನ ಮಗಳು, "ನಿಮ್ಮಿಬ್ರಿಗೂ ಕಿವಿ ನೆಟ್ಗೆ ಐತೆ. ನಾನೇನು ಅಂಚೆ ಪೆಟ್ಗೆನಾ?" ಎಂದು ರೇಗುತ್ತಿದ್ದಳು. ಹಾಗೇ ವರ್ಷಗಳು ಹೋದವು. ಮೊಮ್ಮಗಳು ಹುಟ್ಟಿದಳು, ನಡೆದಳು, ಕಾಲೇಜು ಮುಗಿಸಿದಳು, ರಾಮನಗರದ ಮೊಬೈಲ್ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದಳು. ನಾವು ಮಾತ್ರ ಅಲ್ಲೇ ಇದ್ದೆವು.

ಈ ಮೊಮ್ಮಗಳಿಗೆ ಒಂದು ಹುಚ್ಚು ಹತ್ತಿತು. ರಜೆಗೆ ಬಂದವಳು ಕಿವಿಗೆ ತಂತಿ ಸಿಕ್ಕಿಸಿಕೊಂಡು, ತಲೆ ಆಡಿಸಿಕೊಂಡು, ಹಿಪ್ಪುನೇರಳೆ ಸಾಲಿನಲ್ಲಿ ಓಡಾಡುತ್ತ ಬಡಬಡ ಮಾತಾಡುತ್ತಿದ್ದಳು. ನಾನು ದೆವ್ವ ಮೆಟ್ಟಿತೇನೋ ಎಂದು ಹಿಂದೆಯೇ ಹೋಗಿ ನೋಡಿದೆ.

"ಏನಮ್ಮಿ ಇದು, ಹಾಡಾ ಜಗಳಾನಾ?"

"ರ‍್ಯಾಪ್ ಕಣಜ್ಜಿ. ಹಿಪ್ ಹಾಪ್ ಅಂತಾರೆ. ಎದುರಾಎದುರು ನಿಂತ್ಕಂಡು ತಾಳಕ್ಕೆ ಸರ‍್ಯಾಗಿ ಒಬ್ರನ್ನೊಬ್ರು ಬೋಯ್ಯದು. ಅಲ್ಲೇ ಕಟ್ಬೇಕು, ತಡವರ್ಸಿದ್ರೆ ಸೋತಂಗೆ."

"ಅದ್ನ ಹೊರದೇಶದಿಂದ ತರ್ಸ್ಕಬೇಕಾಗಿತ್ತಾ? ನಮ್ಮ ಬೀಗರಾಡು ಏನ್ ಸತ್ತೋಗಿತ್ತಾ?"

ಅವಳು ತಂತಿ ಕಿತ್ತು ನಿಂತಳು. ಬೀಗರ ಹಾಡು ಅಂದರೆ ಏನೆಂದೇ ಅವಳಿಗೆ ಗೊತ್ತಿರಲಿಲ್ಲ. ಹೇಳಿದೆ. ಒಂದು ಹಾಡಿ ತೋರಿಸು ಎಂದಳು. ನನಗೆ ಬರುವುದಿಲ್ಲ, ಬೇಕಾದರೆ ನಿಮ್ಮ ರಾಮನಗರದಜ್ಜಿಯನ್ನು ಕೇಳು, ಅವಳಿಗೆ ಗಂಟಲಿದೆ ಎಂದೆ. ಸೋಮವಾರದ ಮೊದಲ ಬಸ್ಸಿಗೆ ಹೊರಟವಳು ಹೋಗಿ ಅವಳನ್ನು ಹಿಡಿದುಕೊಂಡಳು. ಅಜ್ಜಿ ಸೌದೆ ಒಲೆಯ ಮುಂದೆ ಕೂತು ಗುನುಗಿದ್ದನ್ನೆಲ್ಲ ಕಲಿತಳಂತೆ, ಅದರ ಏಟು, ಅದರ ಎಳೆತ, ಎಲ್ಲಿ ಉಸಿರು ಹಿಡಿಯಬೇಕು, ಎಲ್ಲಿ ಮಾತು ಬಿಸಾಕಬೇಕು ಎಂಬುದನ್ನು. ಆಮೇಲೆ ಅವಳು ಕಟ್ಟಿದ ಹಾಡುಗಳ ರೀತಿಯೇ ಬದಲಾಯಿತು. ಅಷ್ಟು ದಿನ ಯಾರದೋ ಅಂಗಿ ತೊಟ್ಟಂತೆ ಇತ್ತು. ಈಗ ಮೈಗೆ ಕೂತಿತು.

ಒಂದು ಆಲ್ಬಮ್ ಮಾಡುತ್ತೇನೆ ಎಂದಳು. ಏಳೆಂಟು ಹಾಡು ಕಟ್ಟಿ ಒಟ್ಟಿಗೆ ಬಿಡುವುದಂತೆ. ತಾಳ ಹಾಕಿಕೊಡಲು ಚನ್ನಪಟ್ಟಣದ ಒಬ್ಬ ಗಡ್ಡದವನು ಇದ್ದ. ಅವರ ಮನೆಯಲ್ಲಿ ಮರದ ಬೊಂಬೆ ಮಾಡುತ್ತಾರೆ. ಮರ ಕಡೆಯುವ ಮಿಷಿನ್ನಿನ ಸದ್ದನ್ನೇ ಹಿಡಿದು ಅವನು ತಾಳ ಮಾಡಿದ್ದ. ಮೊಬೈಲ್ ಅಂಗಡಿಗೆ ಬಂದು ಸುಮ್ಮನೆ ಹಲ್ಲು ಕಿರಿಯುವವರ ಮೇಲೆ ಒಂದು ಹಾಡು, ಬಸ್ಸಿನಲ್ಲಿ ಹೆಂಗಸರ ಸೀಟಿನಲ್ಲಿ ನಿದ್ದೆ ಬಂದವರಂತೆ ನಟಿಸುವ ಗಂಡಸರ ಮೇಲೆ ಒಂದು, ಗೂಡು ಬೇಯಿಸುವ ಶೆಡ್ಡಿನ ಮೇಲೆ ಒಂದು. ಕೊನೆಯ ಹಾಡು ಬಾಕಿ. ಅದರಲ್ಲಿ ರಾಮನಗರದಜ್ಜಿಯ ದನಿಯೇ ಬರಬೇಕು ಎಂದು ಅವಳ ಹಟ.

ಅಷ್ಟರಲ್ಲಿ ಬೀಗಿತ್ತಿಯ ಗಂಟಲಲ್ಲಿ ಗಂಟು ಕಾಣಿಸಿತು. ಕಡ್ಡಿಪುಡಿಯ ಹೊಗೆಸೊಪ್ಪು ತಿಂದದ್ದೋ, ಶೆಡ್ಡಿನ ಹಬೆ ಕುಡಿದದ್ದೋ... ಬೆಂಗಳೂರಿನ ಡಾಕ್ಟರು ದನಿಪೆಟ್ಟಿಗೆಯನ್ನೇ ತೆಗೆಯಬೇಕು, ಇಲ್ಲದಿದ್ದರೆ ಜೀವ ಉಳಿಯುವುದಿಲ್ಲ ಎಂದರು. ಮುಂದಿನ ವಾರಕ್ಕೆ ಆಪರೇಷನ್ ಎಂದು ಗೊತ್ತು ಮಾಡಿದರು. ತೆಗೆದ ಮೇಲೆ ಮಾತಿಲ್ಲ, ಹಾಡಿಲ್ಲ, ಕೆಮ್ಮಿದರೂ ಸದ್ದಿಲ್ಲ.

ಮೊಮ್ಮಗಳು ಮೈಕು ತಂದು ಅವಳ ಮುಂದೆ ಇಟ್ಟಳು. ಬೀಗಿತ್ತಿ ಅದನ್ನು ಮೇಲಿಂದ ಕೆಳಗೆ ನೋಡಿದಳಂತೆ. "ಈ ಕಬ್ಣದ ಮೂತಿಗೆ ಏನಂತ ಬೋಯ್ಲಮ್ಮಿ? ಇದ್ಕೆ ಸೊಟ್ಟ ಮೂಗೈತಾ, ದಪ್ಪ ಹೊಟ್ಟೆ ಐತಾ?" ಎಂದಳಂತೆ. ಎಷ್ಟು ಸಲ ಶುರು ಮಾಡಿದರೂ ಎರಡನೇ ಮಾತಿಗೆ ನಿಲ್ಲುತ್ತಿತ್ತು. ಪಕ್ಕದ ಮನೆಯವಳನ್ನು ಕೂರಿಸಿ ನೋಡಿದರು. ನನ್ನ ಮಗಳನ್ನು ಕೂರಿಸಿ ನೋಡಿದರು. ಬೀಗಿತ್ತಿ ತಲೆ ಆಡಿಸಿ, "ಬೀಗರಾಡು ಎದುರ್ಗೆ ಬೀಗಿತ್ತಿ ಇಲ್ದೆ ಬಾಯ್ಗೆ ಬರಾಕಿಲ್ಲ ಕಣಮ್ಮಿ. ಸಾತನೂರೋಳ ಕರ್ಕಂಬಾ" ಎಂದಳು.

ಮೊಮ್ಮಗಳು ಬಂದು ನನ್ನ ಮುಂದೆ ನಿಂತಾಗ ನಾನು ಗೂಡು ಮಾರಿ ಬಂದು ಹುಳದ ಮನೆ ತೊಳೆಯುತ್ತಿದ್ದೆ. ಪೊರಕೆ ನಿಲ್ಲಿಸದೆ ಕೇಳಿಸಿಕೊಂಡೆ.

"ಅವ್ಳು ಹಾಡ್ದೆ ಇದ್ರೆ ನಿನ್ನಾಡು ನಿಂತೋಯ್ತದಾ?"

"ಹಾಡು ಹೆಂಗೋ ಆಯ್ತದೆ ಕಣಜ್ಜಿ. ಮುಂದಿನ್ ವಾರದಿಂದ ಅಜ್ಜಿ ದನಿ ಎಲ್ಲೂ ಇರಾಕಿಲ್ಲ. ನಾನು ಎಲ್ಲಿ ಹುಡುಕ್ಲಿ?"

ನೀರು ಎರಚಿದೆ, ಗುಡಿಸಿದೆ. ನನ್ನ ಸಿಟ್ಟು ಅವಳ ಬಾಯಿಯ ಮೇಲೆ ಇತ್ತು. ಆ ಬಾಯಿಯೇ ಹೋಗುತ್ತದೆ ಎಂದರೆ ಸಿಟ್ಟು ಇಟ್ಟುಕೊಂಡು ಏನು ಮಾಡುವುದು? ಖಾಲಿ ಮನೆಗೆ ಬೀಗ ಹಾಕಿದ ಹಾಗೆ.

"ಬರಾಕೇಳು. ಇಲ್ಲೇ ಹುಳದ್ ಮನೇಲಿ ಕೂರಾನ. ಆದ್ರೆ ಕಡ್ಡಿಪುಡಿ ಹೊಸ್ಲು ದಾಟಂಗಿಲ್ಲ. ಮುಂದಿನ್ ಹುಳಕ್ಕೆ ಆಗಾಕಿಲ್ಲ" ಎಂದೆ. ಹೊಗೆಸೊಪ್ಪಿನ ಗಾಳಿ ತಾಗಿದರೂ ಹುಳ ಸಾಯುತ್ತವೆ, ಅದು ಸುಳ್ಳಲ್ಲ. ಆದರೂ ಅವತ್ತು ನನಗೆ ಏನಾದರೂ ಒಂದು ಕರಾರು ಹಾಕಲೇಬೇಕಾಗಿತ್ತು.

ಬಂದಳು. ಆಟೋದಿಂದ ಇಳಿದವಳು ಅಷ್ಟು ಸಣ್ಣಗಾಗಿದ್ದಳು, ರವಿಕೆ ಬೇರೆಯವರದು ತೊಟ್ಟಂತೆ ಇತ್ತು. ಕುತ್ತಿಗೆಗೆ ಟವೆಲ್ಲು ಸುತ್ತಿದ್ದಳು. ಹೊಸ್ತಿಲ ಹತ್ತಿರ ನಿಂತು ಸೊಂಟದ ಎಲೆಅಡಿಕೆ ಚೀಲ ಬಿಚ್ಚಿ ಆಚೆ ಕಲ್ಲಿನ ಮೇಲೆ ಇಟ್ಟಳು, ಕೈಕಾಲು ತೊಳೆದಳು, ಬಾಯಿ ಮುಕ್ಕಳಿಸಿ ಉಗಿದಳು. ನನ್ನ ಕಡೆ ನೋಡದೆ ಒಳಗೆ ಬಂದಳು. ಹುಳ ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿದ್ದೆವು. ಗಡ್ಡದವನು ಒಳಗೆ ಬಂದು ಚಪ್ಪಾಳೆ ತಟ್ಟಿ ನೋಡಿದ. ಸದ್ದು ತಿರುಗಿ ಬರಲಿಲ್ಲ. "ಅಮ್ಮ, ಬೆಂಗ್ಳೂರ್ನಲ್ಲಿ ಇದ್ಕೆ ದುಡ್ಡ್ ಕೊಟ್ಟು ಗೋಡೆಗೆ ಮೆತ್ತೆ ಬಡಿಸ್ತಾರೆ" ಎಂದು ನಕ್ಕ. ಇನ್ನೂ ನಾಲ್ಕು ಚಂದ್ರಿಕೆ ತರಿಸಿ ಬಾಗಿಲಿಗೂ ಅಡ್ಡ ನಿಲ್ಲಿಸಿದ.

ಇದ್ದ ಒಂದು ರೇಷ್ಮೆ ಸೀರೆ ಉಟ್ಟಿದ್ದೆ ನಾನು. ಚಾಪೆಯ ಮೇಲೆ ಎದುರುಬದುರು ಕೂತೆವು. ಮಧ್ಯೆ ಮೈಕು. ಮೊದಲು ಎತ್ತುವುದು ಹೆಣ್ಣಿನ ಕಡೆಯವರು, ಅಂದರೆ ನಾನು. ಬಾಯಿ ಬಿಟ್ಟು ಎಷ್ಟು ವರ್ಷವಾಗಿತ್ತೋ, ದನಿ ತುಕ್ಕು ಹಿಡಿದ ಬಾಗಿಲಿನಂತೆ ಬಂತು. ಆದರೂ ಬಂತು:

ಊರಬಾಗ್ಲಿಗೆ ಬಂದೆ ಬೀಗಿತ್ತಿ
ಮೂಗು ಮುಚ್ಕಂಡು ನಿಂದೆ
ಗೂಡು ಬೇಯ್ಸೊ ನಾತವು ಬೀಗಿತ್ತಿ
ಊರ್ದಾ, ನಿನ್ ಮೈದಾ ಅಂದೆ

ಅವಳ ಕಣ್ಣು ಅರಳಿತು. ನಾನು ಎಂದೂ ಆ ಕಣ್ಣನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಗಂಟಲಿಗೆ ಕೈ ಒತ್ತಿಕೊಂಡು ಎತ್ತಿದಳು. ದನಿ ಒಡೆದಿತ್ತು, ತಾಳ ಮಾತ್ರ ಕೂದಲೆಳೆಯಷ್ಟೂ ತಪ್ಪಲಿಲ್ಲ:

ನಾತ ನಾತ ಅಂತೀಯ ಬೀಗಿತ್ತಿ
ನೀನುಟ್ಟ ಸೀರೆ ಯಾವ್ದೆ?
ನನ್ನ ಬಿಸ್ನೀರ ತೊಟ್ಟೀಲಿ ಹುಟ್ಟಿದ್ದು
ಸೆರಗ ಮೂಸೋಡು ಈಗ್ಲೆ

ಗಡ್ಡದವನು ಬಾಯಿಗೆ ಕೈ ಅಡ್ಡ ಹಿಡಿದು ನಗು ನುಂಗಿದ. ನಾನು ಸುಮ್ಮನಿರಲಿಲ್ಲ. ಅವಳ ಮುದ್ದೆಗೆ ಬೈದೆ, ಅವಳು ನನ್ನ ಸಾರಿಗೆ ಬೈದಳು. ಅವಳ ಮಗನ ಗೊರಕೆಗೆ ಬೈದೆ, ಅವಳು ನನ್ನ ಮಗಳ ನಾಲಿಗೆಗೆ ಬೈದಳು. ಹೊರಗೆ ನಿಂತಿದ್ದ ಮಗಳು, "ಅಯ್ಯೋ ನಿಮ್ಮ, ನಾನೇನ್ ಮಾಡಿದ್ನೇ!" ಎಂದಳು. ಅದೂ ರೆಕಾರ್ಡಾಗಿದೆ, ಬೇಕಾದರೆ ಕೇಳಿ. ಎಷ್ಟು ಹೊತ್ತು ಬೈದಾಡಿದೆವೋ... ನನ್ನ ಬೆನ್ನು ನೆಟ್ಟಗಾಗಿತ್ತು. ಅದು ನನಗೇ ಆಮೇಲೆ ಗೊತ್ತಾದದ್ದು.

ಅವಳು ನೀರು ಕುಡಿದಳು. ಲೋಟ ಕೆಳಗಿಟ್ಟು ನನ್ನ ಮುಖವನ್ನೇ ನೋಡುತ್ತ ಅದೇ ಮಾತು ಎತ್ತಿದಳು. ಕಂಬದ ಹಿಂದೆ ಕುಂತವ್ಳೆ ಬೀಗಿತ್ತಿ... ಬಾಯಿದ್ರೆ ಮುಂದಕ್ ಬಾರೆ ಬೀಗಿತ್ತಿ...

ನಾನು ಮೈಕಿನ ಮೇಲೆ ಅಂಗೈ ಇಟ್ಟೆ. "ಇದೊಂದು ಬ್ಯಾಡ. ಅವತ್ತು ಹಂಗ್ಸಿದ್ದು ಸಾಕು" ಎಂದೆ. ಅಷ್ಟು ವರ್ಷದ ಮೇಲೆ ಅವಳಿಗೆ ನೇರವಾಗಿ ಹೇಳಿದ ಮೊದಲ ಮಾತು ಅದು.

ಅವಳು ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದಳು.

"ಹಂಗ್ಸಿದ್ನಾ? ಅಯ್ಯೋ ನಿನ್ ಬುದ್ಧಿಗಿಷ್ಟು ಬೆಂಕಿ ಹಾಕ! ಮಗ್ಳ ಧಾರೆ ನಡೀತಾ ಐತೆ, ತಾಯಿ ಕಂಬದ್ ಸಂದೀಲಿ ಬಗ್ಗಿ ಬಗ್ಗಿ ನೋಡ್ತಾವ್ಳೆ. ನಂಗೆ ನೋಡಾಕಾಗ್ನಿಲ್ಲ. ಬಾ ಮುಂದೆ ಕೂತ್ಕ ಅಂತ ನೆಟ್ಗೆ ಕರ್ದಿದ್ರೆ ನಿಮ್ಮೋರೂ ಬುಡ್ತಿರ್ನಿಲ್ಲ, ನಮ್ಮೋರೂ ಬುಡ್ತಿರ್ನಿಲ್ಲ. ಬೀಗರಾಡಲ್ಲಿ ಕರ್ದೋಳ ತಡಿಯಾಕೆ ಯಾವನ್ಗೆ ಹಕ್ಕೈತೆ? ಅದ್ಕೇ ಬೋಯ್ದು ಕರ್ದೆ. ನೀನು ಎದ್ದು ಬಂದು ನಂಗೆ ನಾಕು ಬೋಯ್ದು ಅಲ್ಲೇ ಕೂತ್ಕತೀಯ ಅಂದ್ಕಂಡ್ರೆ, ಹಂಡೆ ಉಜ್ಜಾಕೋದೆ."

ಬೀಗರ ಹಾಡಿನ ಕಟ್ಟಳೆ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಊರೂರಿಗೆ ಹೋಗಿ ಹಾಡಿದವಳು ನಾನು. ಆ ಕಟ್ಟಳೆಯಲ್ಲಿ ನನ್ನನ್ನು ಮುಂದಕ್ಕೆ ತರುವ ಒಂದು ಬಾಗಿಲು ಇತ್ತು ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ, ಅವಳಿಗೆ ಹೊಳೆಯಿತು. ಅದೂ ಅವತ್ತೇ ಬೀಗಿತ್ತಿಯಾದವಳಿಗೆ, ನನ್ನ ಮುಖವನ್ನೇ ಸರಿಯಾಗಿ ನೋಡದವಳಿಗೆ.

ಮೈಕಿನ ಮೇಲಿಂದ ಕೈ ತೆಗೆದೆ. ಅವಳು ಮತ್ತೆ ಎತ್ತಿದಳು. ಈ ಸಲ ನಾನು ಉತ್ತರ ಕೊಟ್ಟೆ:

ಕಂಬದ ಹಿಂದೆ ಕುಂತಿದ್ದೆ ಬೀಗಿತ್ತಿ
ಕಂಬಕ್ಕೆ ಜೊತೆಯಾಗಿ
ಕರೆದೋಳು ನೀನೊಬ್ಳೆ ಬೀಗಿತ್ತಿ
ಬಂದಿವ್ನಿ ಒಸಿ ತಡವಾಗಿ

"ಇದೇನೆ ಇದು!" ಎಂದಳು. "ಬೋಯ್ಯಾಡಲ್ಲಿ ಆರತಿ ಎತ್ತೀಯಲ್ಲೆ! ಇದ್ರಲ್ಲಿ ಬೈಗ್ಳ ಎಲ್ಲೈತೆ? ನೀ ಸೋತೆ ಕಣೆ. ತಾ ಎಲೆ ಅಡ್ಕೆ."

ನಾನು ಒಪ್ಪಿಕೊಂಡೆ. ಒಳಗಿನಿಂದ ಎಲೆ ಅಡಿಕೆ ತಂದು ಕೊಟ್ಟೆ. ಬಾಯಿಗೆ ಹಾಕಿಕೊಳ್ಳಬಾರದೆಂದು ಡಾಕ್ಟರು ಹೇಳಿದ್ದರು. ಮೂಸಿ ನೋಡಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ನಾವು ತಬ್ಬಿಕೊಳ್ಳಲಿಲ್ಲ, ಅಳಲಿಲ್ಲ. ಮುದ್ದೆ, ಹುರುಳಿ ಸಾರು ಮಾಡಿದ್ದೆ. ನುಂಗಲು ಕಷ್ಟವಾದರೂ ಸಾರಿನಲ್ಲಿ ಕಲಸಿಕೊಂಡು ಉಂಡಳು. "ಸಾರು ಹಾಡ್ನಲ್ಲಿ ಬೋಯ್ದಷ್ಟು ಕೆಟ್ಟದಾಗಿಲ್ಲ" ಎಂದಳು. ಆಟೋ ಹತ್ತಿ ಹೋದಳು. ಕಲ್ಲಿನ ಮೇಲೆ ಇಟ್ಟಿದ್ದ ಚೀಲವನ್ನು ಮರೆತಿದ್ದಳು, ಅಥವಾ ಬಿಟ್ಟೇ ಹೋಗಿದ್ದಳು... ಕೇಳಲಿಲ್ಲ.

ಅವಳು ಹಾಡಿದ್ದು ಅದೇ ಕೊನೆ.

ಆಪರೇಷನ್ ಆಯಿತು. ಕುತ್ತಿಗೆಯಲ್ಲಿ ಒಂದು ತೂತು ಮಾಡಿದ್ದರು, ಉಸಿರು ಅಲ್ಲಿಂದ. ಆಲ್ಬಮ್ ಬಿಡುಗಡೆ ಮಾಡುವ ದಿನ ಮೊಮ್ಮಗಳ ಗೆಳೆಯರು ಅವರ ಬೀದಿಯಲ್ಲೇ ಒಂದು ಶಾಮಿಯಾನ ಹಾಕಿ, ನಾಲ್ಕು ಸಾಲು ಪ್ಲಾಸ್ಟಿಕ್ ಕುರ್ಚಿ ಇಟ್ಟು, ಎರಡು ದೊಡ್ಡ ಬಾಕ್ಸು ತಂದಿದ್ದರು. ಹಾಡು ಮೊಬೈಲಿನಲ್ಲಿ ಲೋಕಕ್ಕೆಲ್ಲ ಒಂದೇ ಹೊತ್ತಿಗೆ ಹೋಗುತ್ತದಂತೆ, ಆ ಹೊತ್ತಿಗೆ ಇಲ್ಲೂ ಹಾಕುವುದು ಎಂದರು. ಶೆಡ್ಡಿನ ಹೆಂಗಸರು ಕೆಲಸ ಬಿಟ್ಟು ಒದ್ದೆ ಕೈಯಲ್ಲೇ ಬಂದಿದ್ದರು. ನಾನು ಹೋಗಿ, ರೂಢಿಯಂತೆ, ಹಿಂದಿನ ಸಾಲಿನ ಕೊನೆಯಲ್ಲಿ ಕೂತೆ. ಯಾರೂ ಕೂರಿಸಿದ್ದಲ್ಲ, ಕಾಲು ತಾನಾಗಿ ಅಲ್ಲಿಗೇ ಹೋಗುತ್ತದೆ.

ಮೊಮ್ಮಗಳು ನಡುವೆ ನಿಂತು ಕೊನೆಯ ಹಾಡಿಗೆ ಬಂದಳು. ಮರ ಕಡೆಯುವ ಮಿಷಿನ್ನಿನ ತಾಳ. ಅದರ ಮೇಲೆ ಅವಳು:

ಒಬ್ಳು ಹುಳ ಸಾಕ್ದೋಳು, ಒಬ್ಳು ನೂಲು ತಗ್ದೋಳು
ಇಬ್ರ ನಡ್ವೆ ಎಳೆ ನಾನು, ಎಳ್ದ್ರೂ ಕಿತ್ತೋಗ್ದೋಳು

ಆಮೇಲೆ ಬಾಕ್ಸಿನಿಂದ ಬೀಗಿತ್ತಿಯ ದನಿ ಬಂತು. ಬೀದಿಯವರು ಹೋ ಎಂದು ಕೂಗಿದರು. ಮುಂದಿನ ಸಾಲಿನಲ್ಲಿ, ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ಕೂತಿದ್ದ ಬೀಗಿತ್ತಿ ಮಾತ್ರ ತನ್ನ ದನಿಯನ್ನು ಕೇಳುತ್ತಿರಲಿಲ್ಲ. ಹಿಂದಕ್ಕೆ ತಿರುಗಿ ಒಂದೊಂದೇ ಸಾಲು ಹುಡುಕುತ್ತಿದ್ದಳು. ನಾನು ಕಂಡೆ. ಕಾಲ ಬಳಿ ಇದ್ದ ಸ್ಟೀಲ್ ಚೊಂಬು ಎತ್ತಿಕೊಂಡು ಉಂಗುರದಿಂದ ಬಡಿಯತೊಡಗಿದಳು. ಅದೇ ಸಾಲಿನ ತಾಳ: ಮುಂದಕ್, ಬಾರೆ, ಬೀಗಿತ್ತಿ. ಬಾಯಿಲ್ಲದವಳು ಕರೆದರೂ ಕರೆದಂತೆಯೇ, ಕಟ್ಟಳೆ ಕಟ್ಟಳೆಯೇ. ಎದ್ದು ಹೋಗಿ ಪಕ್ಕದಲ್ಲಿ ಕೂತೆ. ಚೊಂಬು ಕೆಳಗಿಟ್ಟಳು. "ಕಿವಿ ತೂತು ಬೀಳಂಗೆ ಬಡೀಬೇಕಾ?" ಎಂದೆ. ಭುಜ ಕುಣಿಸಿ ನಕ್ಕಳು. ನಗು ಕುತ್ತಿಗೆಯ ತೂತಿನಿಂದ 'ಹುಸ್' ಎಂದು ಬಂತು.

ಹಾಡು ಚೆನ್ನಾಗಿಯೇ ಓಡಿತಂತೆ. ಮಾಗಡಿ, ಮಂಡ್ಯ ಕಡೆಯ ಹುಡುಗರೆಲ್ಲ ಫೋನಿನಲ್ಲಿ ಹಾಕಿಕೊಂಡರಂತೆ. ಯಾರೋ ಬಂದು ನನ್ನ ಫೋಟೋ ಕೇಳಿದರು. ಹುಳಕ್ಕೆ ಸೊಪ್ಪು ಹಾಕುವ ಹೊತ್ತು, ಆಮೇಲೆ ಬನ್ನಿ ಎಂದೆ. ಮೊಮ್ಮಗಳಿಗೆ ಒಂದು ದಾರಿಯಾಯಿತು. ನನಗೆ ಆದದ್ದು ಬೇರೆ. ಆಮೇಲಿನ ದಿನಗಳಲ್ಲಿ ರಾಮನಗರಕ್ಕೆ ಹೋದಾಗ ಜಗುಲಿಯಲ್ಲಿ ಕೂರಲಿಲ್ಲ, ಒಳಗೆ ಅಡುಗೆ ಮನೆಯಲ್ಲಿ ಅವಳ ಪಕ್ಕ ಕೂತು ಅವರೆಕಾಯಿ ಬಿಡಿಸಿದೆ. ನಾನು ಬೈಯುವುದು, ಅವಳು ಉಂಗುರದಲ್ಲಿ ಪಾತ್ರೆ ಬಡಿಯುವುದು. ಒಂದು ಏಟು ಎಂದರೆ ಹೌದು, ಎರಡು ಎಂದರೆ ಇಲ್ಲ, ಎಡೆಬಿಡದೆ ಬಡಿದರೆ ಬಾಯಿ ಮುಚ್ಚು ಎಂದು. ನನ್ನ ಮಗಳು, "ಅಂಚೆ ಪೆಟ್ಗೇನೆ ವಾಸಿಯಾಗಿತ್ತು" ಎನ್ನುತ್ತಿದ್ದಳು. ಹೋದ ವರ್ಷ ಚಳಿಗಾಲದಲ್ಲಿ ಗಂಟು ಮತ್ತೆ ಬಂತು. ಈ ಸಲ ತೆಗೆಯುವುದಕ್ಕೆ ಏನೂ ಉಳಿದಿರಲಿಲ್ಲ...

ಅವಳು ನನಗೆ ಮಾಡಿದ್ದು ದೊಡ್ಡದೇನಲ್ಲ. ಒಂದು ಸಾಲು ಹಾಡಿದಳು. ಆದರೆ ಊರವರು, ನೆಂಟರು, ಅಣ್ಣತಮ್ಮಂದಿರು, ಇಷ್ಟು ಜನ ಇದ್ದರಲ್ಲ, ಯಾರೂ ಅಷ್ಟನ್ನೂ ಮಾಡಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಮೊನ್ನೆ ಬಸ್ಸಿನಲ್ಲಿ ಹೋದದ್ದು ಮದುವೆಗೇ, ಅಳಿಯನ ಕಡೆಯವರದು. ದೊಡ್ಡ ಛತ್ರ. ಕಂಬಗಳಿಗೆಲ್ಲ ಬಟ್ಟೆ ಸುತ್ತಿದ್ದರು. ಕಾಲು ರೂಢಿಯಂತೆ ನನ್ನನ್ನು ಹಿಂದಿನ ಸಾಲಿಗೆ ಒಯ್ದಿತ್ತು. ಊಟಕ್ಕೆ ಮುಂಚೆ ಡಿಜೆ ಹುಡುಗರು ಏನೇನೋ ಹಾಕುತ್ತ ಆ ಹಾಡು ಹಾಕಿದರು. ಮಿಷಿನ್ನಿನ ತಾಳ ಬಂತು, ಮೊಮ್ಮಗಳು ಬಂದಳು, ಆಮೇಲೆ ಆ ಒಡೆದ ಕಂಚಿನ ದನಿ. ಮುಂದಕ್ ಬಾರೆ ಬೀಗಿತ್ತಿ... ಎದ್ದೆ. ಒಬ್ಬ ಹೆಂಗಸು, "ಎತ್ಲಾಗಮ್ಮ?" ಎಂದಳು. "ಕರೀತಾವ್ರೆ" ಎಂದು ಹೇಳಿ ಮುಂದಿನ ಸಾಲಿಗೆ ಹೋಗಿ ಕೂತೆ.

ನನ್ನ ಉತ್ತರ ಬಂತು. ಕೇಳಿದೆ. ಅವಳು ಹೇಳಿದ್ದು ನಿಜ, ಅದರಲ್ಲಿ ಬೈಗುಳವಿಲ್ಲ, ಸಪ್ಪೆ. ಅಲ್ಲಿ ಕೂತಿರುವಾಗಲೇ ಅದಕ್ಕಿಂತ ಒಳ್ಳೆಯದು ಹೊಳೆಯಿತು. ಬಾಯೊಳಗೇ ಕಟ್ಟಿದೆ:

ಮುಂದಕ್ ಬಾ ಬಾ ಅಂದೆ ಬೀಗಿತ್ತಿ
ಬಂದು ನೋಡುದ್ರೆ ನೀನಿಲ್ಲ
ಕರೆದು ಕೂರ್ಸಿ ಓಡೋದೋಳೆ ಬೀಗಿತ್ತಿ
ಮರ್ವಾದೆ ನಿಂಗೊಸಿ ಇಲ್ಲ

ಇದರಲ್ಲಿ ಬೈಗುಳ ಇದೆ. ಇದಕ್ಕೆ ಅವಳೂ ಒಪ್ಪುತ್ತಿದ್ದಳು. ಹಾಡಿ ಮುಗಿಸಿ ಒಸಿ ಹೊತ್ತು ಸುಮ್ಮನೆ ಕಾದೆ. ಉತ್ತರ ಬರಲಿಲ್ಲ. ಕಟ್ಟಳೆಯ ಪ್ರಕಾರ ಸುಮ್ಮನಾದವಳೇ ಸೋತಂತೆ, ಹಾಗಾಗಿ ಈ ಸಲ ಗೆದ್ದವಳು ನಾನು. ಎಲೆ ಅಡಿಕೆ ಮಾತ್ರ ಇನ್ನೂ ಬಂದಿಲ್ಲ.